ಕೇಳಿಸುವ ತರಗತಿ, ಮರೆಯಿರುವ ಜಾಗ: ಶಾಲೆಯ ಸದ್ದು ಮತ್ತು ನೋಟದ ಬಗ್ಗೆ ಒಂದು ವಿವರಣೆ



ಈ ವರದಿಯ ಹಿಂದಿನ ಪುಟಗಳಲ್ಲಿ ಜಮಾ-ಖರ್ಚಿನ ಲೆಕ್ಕವಿದೆ. ಶುಲ್ಕಕ್ಕೆ, ಪುಸ್ತಕಕ್ಕೆ, ಸಮವಸ್ತ್ರಕ್ಕೆ, ಬಸ್ ಪಾಸಿಗೆ ಎಷ್ಟು ಹೋಯಿತು ಎಂಬುದು ಅಲ್ಲಿ ಕಾಣುತ್ತದೆ. ಆದರೆ ಕೊಟ್ಟ ಹಣ ವಿದ್ಯೆಯಾಗಿ ಬದಲಾಗುವುದು ಒಂದು ಕೊಠಡಿಯ ಒಳಗೆ. ಅಲ್ಲಿ ಮೇಷ್ಟ್ರ ಮಾತು ಮಗುವಿನ ಕಿವಿಗೆ ಸರಿಯಾಗಿ ತಲುಪದಿದ್ದರೆ, ಶುಲ್ಕ ಕಟ್ಟಿಯೂ ಪುಸ್ತಕ ಕೊಂಡೂ ಅರ್ಧ ಕೆಲಸ ಮಾತ್ರ ಆದಂತೆ. ಆದ್ದರಿಂದ ಈ ವರ್ಷದ ವರದಿಯಲ್ಲಿ ಕೆಲವು ಪುಟಗಳನ್ನು ಆ ಕೊಠಡಿಗೇ ಮೀಸಲಿಟ್ಟಿದ್ದೇವೆ. ಮುಂದಿನ ವರ್ಷ ಚಾಮರಾಜನಗರದಲ್ಲೊಂದು, ಗುಂಡ್ಲುಪೇಟೆಯಲ್ಲೊಂದು ಓದುವ ಕೊಠಡಿಯನ್ನು ಸಜ್ಜುಗೊಳಿಸುವ ಆಲೋಚನೆ ಟ್ರಸ್ಟಿನ ಮುಂದಿದೆ. ಹಣ ಯಾವುದಕ್ಕೆ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂದು ನಿಮ್ಮೊಂದಿಗೆ ಸೇರಿ ತೀರ್ಮಾನಿಸುವ ಮೊದಲು ವಿಷಯ ಏನೆಂದು ಎಲ್ಲರಿಗೂ ತಿಳಿದಿರಲಿ ಎಂಬುದು ನಮ್ಮ ಉದ್ದೇಶ.

ದಡ್ಡತನವೋ, ಕೇಳಿಸದಿರುವುದೋ?

ತರಗತಿಯಲ್ಲಿ ಹಿಂದಿನ ಸಾಲಿನ ಮಗು ಉತ್ತರ ಹೇಳದಿದ್ದರೆ ‘ಇವನಿಗೆ ತಲೆಗೆ ಹತ್ತುವುದಿಲ್ಲ’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಎಷ್ಟೋ ಸಲ ಸಂಗತಿ ಅಷ್ಟೇ ಅಲ್ಲ. ಪ್ರಶ್ನೆಯೇ ಆ ಮಗುವಿಗೆ ಪೂರ್ತಿ ಕೇಳಿಸಿರುವುದಿಲ್ಲ.

ದೊಡ್ಡವರಾದ ನಮಗೆ ಮಾತಿನ ನಡುವೆ ಒಂದೆರಡು ಪದ ತಪ್ಪಿದರೂ ಅರ್ಥವಾಗುತ್ತದೆ. ಭಾಷೆ ನಮಗೆ ಪಳಗಿದೆ. ತಪ್ಪಿದ ಪದವನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಆರೇಳು ವರ್ಷದ ಮಗುವಿಗೆ ಆ ಶಕ್ತಿ ಇನ್ನೂ ಬೆಳೆದಿರುವುದಿಲ್ಲ. ‘ಹತ್ತು’ ಎಂದರೆ ಸಂಖ್ಯೆಯೋ ಮರ ಹತ್ತುವುದೋ, ‘ಕಾಲು’ ಎಂದರೆ ದೇಹದ ಕಾಲೋ ನಾಲ್ಕರಲ್ಲಿ ಒಂದು ಪಾಲೋ ಎಂಬುದು ಮುಂದಿನ ಪದ ಕೇಳಿಸಿದರೆ ಮಾತ್ರ ಗೊತ್ತಾಗುತ್ತದೆ. ಆ ಮುಂದಿನ ಪದವನ್ನು ಲಾರಿಯ ಹಾರನ್ ನುಂಗಿದರೆ ಮಗು ಅಲ್ಲೇ ನಿಂತುಬಿಡುತ್ತದೆ.

ನಮ್ಮ ಮಕ್ಕಳಿಗೆ ಇದರ ಮೇಲೆ ಇನ್ನೊಂದು ಹೊರೆಯಿದೆ. ಮನೆಯಲ್ಲಿ ಅಮ್ಮಿ ಅಬ್ಬಾ ಜೊತೆ ಆಡುವ ಮಾತು ಉರ್ದು. ಶಾಲೆಯ ಪಾಠ ಕನ್ನಡದಲ್ಲಿ, ಕೆಲವರಿಗೆ ಇಂಗ್ಲಿಷಿನಲ್ಲಿ. ಗಡಿ ಜಿಲ್ಲೆಯಾದ ನಮ್ಮಲ್ಲಿ ಮನೆಯೊಳಗೆ ತಮಿಳು, ಮಲಯಾಳಂ, ಸೋಲಿಗರ ನುಡಿ ಆಡುವ ಮಕ್ಕಳದ್ದೂ ಇದೇ ಕಥೆ. ಮನೆಮಾತಲ್ಲದ ಭಾಷೆಯಲ್ಲಿ ಪಾಠ ಕೇಳುವ ಮಗುವಿಗೆ, ಅದೇ ಗದ್ದಲದಲ್ಲಿ ಕುಳಿತ ಪಕ್ಕದ ಮಗುವಿಗಿಂತ ಹೆಚ್ಚು ಕಷ್ಟವಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿರುವ ಸಂಗತಿ. ಆದ್ದರಿಂದ ಸದ್ದಿನ ವಿಷಯ ಎಲ್ಲ ಮಕ್ಕಳ ವಿಷಯವಾದರೂ ನಮ್ಮ ಮಕ್ಕಳಿಗೆ ಒಂದು ಪಾಲು ಹೆಚ್ಚು.

ಗದ್ದಲ ಕಲಿಕೆಯನ್ನು ನಿಜವಾಗಿ ಕೆಡಿಸುತ್ತದೆಯೇ ಎಂಬುದಕ್ಕೆ ನ್ಯೂಯಾರ್ಕಿನ ಒಂದು ಶಾಲೆಯ ಉದಾಹರಣೆ ಪ್ರಸಿದ್ಧ. ಆ ಶಾಲೆಯ ಒಂದು ಬದಿಯ ಪಕ್ಕದಲ್ಲೇ ಎತ್ತರದ ಹಳಿಯ ಮೇಲೆ ರೈಲು ಓಡುತ್ತಿತ್ತು. ಮನಶ್ಶಾಸ್ತ್ರಜ್ಞೆ ಆರ್ಲಿನ್ ಬ್ರಾನ್‌ಜಾಫ್ಟ್ ಅವರು ಅಲ್ಲಿಯ ಮಕ್ಕಳ ಓದುವ ಪರೀಕ್ಷೆಯ ಅಂಕಗಳನ್ನು ಹೋಲಿಸಿ 1975ರಲ್ಲಿ ಪ್ರಕಟಿಸಿದರು. ರೈಲಿನ ಬದಿಯ ಕೊಠಡಿಗಳಲ್ಲಿ ಕಲಿತ ಮಕ್ಕಳು ಅದೇ ಶಾಲೆಯ ಇನ್ನೊಂದು ಬದಿಯ ಮಕ್ಕಳಿಗಿಂತ ಹಿಂದೆ ಬಿದ್ದಿದ್ದರು. ಆರನೇ ತರಗತಿಯ ಹೊತ್ತಿಗೆ ಆ ಅಂತರ ಸುಮಾರು ಒಂದು ವರ್ಷದಷ್ಟಾಗಿತ್ತು. ಮುಂದೆ ಹಳಿಗಳ ಕೆಳಗೆ ರಬ್ಬರ್ ಮೆತ್ತೆ ಹಾಕಿ, ಕೊಠಡಿಗಳ ಛಾವಣಿಗೆ ಸದ್ದು ಹೀರುವ ಹಲಗೆ ಕೂರಿಸಿದರು. ಆಮೇಲೆ ನೋಡಿದಾಗ ಎರಡೂ ಬದಿಯ ಮಕ್ಕಳ ಓದು ಸಮನಾಗಿತ್ತು. ಶಾಲೆ ಅದೇ, ಬದಲಾದದ್ದು ಸದ್ದು ಮಾತ್ರ.

ನಮ್ಮೂರಿನಲ್ಲಿ ಹಳಿಯ ಬದಲು ಹೆದ್ದಾರಿಯಿದೆ. ಗುಂಡ್ಲುಪೇಟೆಯಲ್ಲಿ ಕೇರಳದ ಕಡೆಯ ರಸ್ತೆಯೂ ಊಟಿಯ ಕಡೆಯ ರಸ್ತೆಯೂ ಕವಲೊಡೆಯುತ್ತವೆ. ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿರುವುದರಿಂದ ಲಾರಿ, ಬಸ್ಸು, ಪ್ರವಾಸಿಗರ ಕಾರುಗಳೆಲ್ಲ ಹಗಲಿನಲ್ಲೇ ಸಾಗಬೇಕು. ಅಂದರೆ ಶಾಲೆಯ ಹೊತ್ತಿನಲ್ಲಿ, ಸಂಜೆ ಮಕ್ಕಳು ಓದಲು ಕೂರುವ ಹೊತ್ತಿನಲ್ಲಿ.

ಸದ್ದು ಎರಡು ದಾರಿಯಲ್ಲಿ ಕಾಡುತ್ತದೆ

ಒಂದನೆಯದು ಹೊರಗಿನಿಂದ ಬರುವ ಸದ್ದು: ರಸ್ತೆ, ಪಕ್ಕದ ತರಗತಿ, ಆಟದ ಮೈದಾನ, ಧ್ವನಿವರ್ಧಕ, ಶೀಟಿನ ಮೇಲೆ ಬೀಳುವ ಮಳೆ. ಎರಡನೆಯದು ಒಳಗೇ ಹುಟ್ಟಿ ಹೊರಗೆ ಹೋಗಲಾರದೆ ಸುತ್ತುವ ಸದ್ದು. ಮೊದಲನೆಯದನ್ನು ಎಲ್ಲರೂ ಬಲ್ಲರು. ಎರಡನೆಯದನ್ನು ಗಮನಿಸುವವರು ಕಡಿಮೆ.

ವಿಜಯಪುರದ ಗೋಳಗುಮ್ಮಟವನ್ನು ನೋಡಿದವರಿಗೆ ಇದನ್ನು ಬೇಗ ತಿಳಿಸಬಹುದು. ಮೊಹಮ್ಮದ್ ಆದಿಲ್ ಶಾಹನ ಆ ಗೋರಿಕಟ್ಟಡ 1656ರಲ್ಲಿ ಮುಗಿಯಿತು. ಗುಮ್ಮಟದ ಒಳಸುತ್ತಿನಲ್ಲಿ ನಿಂತು ಒಬ್ಬರು ಪಿಸುಗುಟ್ಟಿದರೂ ಎದುರು ಬದಿಯವರಿಗೆ ಕೇಳಿಸುತ್ತದೆ. ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುತ್ತದೆ. ನೋಡಲು, ಕೇಳಲು ಅದ್ಭುತ. ಆದರೆ ಅಲ್ಲಿ ಮಗ್ಗಿ ಕಲಿಸಲು ಸಾಧ್ಯವೇ? ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಕೂತುಬಿಡುತ್ತದೆ. ನಮ್ಮ ಹೊಸ ತಾರಸಿ ಕೊಠಡಿಗಳಲ್ಲೂ ಸಣ್ಣ ಪ್ರಮಾಣದಲ್ಲಿ ಆಗುತ್ತಿರುವುದು ಇದೇ. ಚಾಮರಾಜನಗರದ ಕರಿಕಲ್ಲು ದೂರದೂರದ ದೇಶಗಳಿಗೆ ಹೋಗುವಷ್ಟು ಹೆಸರುವಾಸಿ. ಊರಿನಲ್ಲೂ ದಾನಿಗಳು ಅಭಿಮಾನದಿಂದ ಶಾಲೆಗೆ ಹೊಳಪಿನ ಕಲ್ಲಿನ ನೆಲ ಹಾಕಿಸುತ್ತಾರೆ. ಕೆಳಗೆ ಕಲ್ಲು, ಸುತ್ತ ನಯವಾದ ಗಾರೆ, ಮೇಲೆ ಕಾಂಕ್ರೀಟು. ಆರೂ ಕಡೆ ಗಟ್ಟಿ ಮೈ. ಸದ್ದಿಗೆ ಇಂಗಿಹೋಗಲು ಜಾಗವಿಲ್ಲ.

ಈ ಲೆಕ್ಕವನ್ನು ಮೊದಲು ಕಂಡುಕೊಂಡವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. ಅಲ್ಲಿಯ ಒಂದು ಉಪನ್ಯಾಸದ ಸಭಾಂಗಣದಲ್ಲಿ ಮಾತು ಅರ್ಥವಾಗುತ್ತಿಲ್ಲವೆಂಬ ದೂರು ಬಂದಾಗ, 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂತು. ಪಕ್ಕದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ತಂದು ಒಂದೊಂದಾಗಿ ಇಡುತ್ತಾ, ಸದ್ದು ಅಡಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅಳೆದರು. ಮೆತ್ತೆ ಹೆಚ್ಚಿದಂತೆ ಸದ್ದು ಬೇಗ ಅಡಗಿತು. ಕೊಠಡಿ ದೊಡ್ಡದಾದಷ್ಟೂ ಸದ್ದು ಹೆಚ್ಚು ಹೊತ್ತು ಉಳಿಯುತ್ತದೆ, ಹೀರುವ ವಸ್ತು ಹೆಚ್ಚಾದಷ್ಟೂ ಬೇಗ ಅಡಗುತ್ತದೆ ಎಂಬ ಅವರ ಸೂತ್ರವನ್ನೇ ಇಂದಿಗೂ ಬಳಸುತ್ತಾರೆ.

ಆ ಸೂತ್ರವನ್ನು ನಮ್ಮ ಕಡೆಯ ಒಂದು ಸಾಮಾನ್ಯ ಕೊಠಡಿಗೆ ಹಾಕಿ ನೋಡೋಣ. ಅಗಲ 6 ಮೀಟರು, ಉದ್ದ 7 ಮೀಟರು, ಎತ್ತರ 3.2 ಮೀಟರು. ಕಿಟಕಿ ಮುಚ್ಚಿ ಖಾಲಿ ಬಿಟ್ಟರೆ ಅದರಲ್ಲಿ ಸದ್ದು ಅಡಗಲು 4 ಸೆಕೆಂಡಿನ ಸುತ್ತಮುತ್ತ ಬೇಕು. 30 ಮಕ್ಕಳು ಕುಳಿತು ಕಿಟಕಿ ತೆರೆದರೆ 1 ಸೆಕೆಂಡಿಗೆ ಸ್ವಲ್ಪ ಮೇಲೆ ಬರುತ್ತದೆ, ಏಕೆಂದರೆ ಮಕ್ಕಳ ಬಟ್ಟೆಯೂ ಮೈಯೂ ಸದ್ದನ್ನು ಹೀರುತ್ತವೆ, ತೆರೆದ ಕಿಟಕಿ ಸದ್ದನ್ನು ಹೊರಗೆ ಬಿಡುತ್ತದೆ. ಛಾವಣಿಯ ಮುಕ್ಕಾಲು ಭಾಗಕ್ಕೆ ಸದ್ದು ಹೀರುವ ಹಲಗೆ ಹಾಕಿದರೆ ಸುಮಾರು 0.6 ಸೆಕೆಂಡಿಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 1999ರ ಮಾರ್ಗಸೂಚಿಯಲ್ಲಿ ತರಗತಿಗೆ ಹೇಳಿರುವ ಅಳತೆಯೂ 0.6 ಸೆಕೆಂಡೇ. ಮೇಷ್ಟ್ರ ಮಾತನ್ನು ಬಿಟ್ಟು ಉಳಿದ ಸದ್ದು ಪಾಠದ ಹೊತ್ತಿನಲ್ಲಿ 35 ಡೆಸಿಬೆಲ್ ಮೀರಬಾರದು ಎಂದೂ ಅದು ಹೇಳುತ್ತದೆ.

ಡೆಸಿಬೆಲ್ ಎಂದರೆ ಸದ್ದಿನ ಅಳತೆ. ಪಿಸುಮಾತು ಸುಮಾರು 30, ಒಂದು ಮೀಟರು ದೂರದ ಸಾಮಾನ್ಯ ಮಾತು ಸುಮಾರು 60. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಸದ್ದು ಹೆಚ್ಚುಕಡಿಮೆ ಎರಡರಷ್ಟಾದಂತೆ ತೋರುತ್ತದೆ. ನಮ್ಮ ದೇಶದಲ್ಲಿ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ನ್ಯಾಯಾಲಯಗಳ ಸುತ್ತ 100 ಮೀಟರನ್ನು ‘ನಿಶ್ಶಬ್ದ ವಲಯ’ ಎಂದು ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ. ಇದು ಬೇಲಿಯ ಹೊರಗಿನ ಮಿತಿ. ಒಳಗೆ 35 ಬೇಕೆಂದರೆ ಉಳಿದದ್ದನ್ನು ಕಟ್ಟಡವೇ ತಡೆಯಬೇಕು.

ಮೇಷ್ಟ್ರ ಮಾತು ಒಂದು ಮೀಟರು ದೂರದಲ್ಲಿ 65 ಡೆಸಿಬೆಲ್ ಇದ್ದರೆ, ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಇಳಿಯುತ್ತದೆ. 8 ಮೀಟರು ದೂರದ ಕೊನೆಯ ಬೆಂಚಿಗೆ 47 ತಲುಪುತ್ತದೆ. ಕೊಠಡಿಯೊಳಗೆ ಗೋಡೆಗಳು ಇದಕ್ಕೆ ಸ್ವಲ್ಪ ಸೇರಿಸುತ್ತವೆ, ಆದರೆ ಸ್ಪಷ್ಟವಾಗಿ ಅಲ್ಲ, ಕಲಸಿ. ಮಾತು ಸುತ್ತಲಿನ ಸದ್ದಿಗಿಂತ 15 ಡೆಸಿಬೆಲ್ ಮೇಲಿರಬೇಕು ಎಂಬುದು ಮಕ್ಕಳ ಶ್ರವಣ ತಜ್ಞರು ಇಟ್ಟುಕೊಂಡಿರುವ ಗುರಿ. ರಸ್ತೆಯೂ ಫ್ಯಾನೂ ಸೇರಿ 50 ಆದರೆ ಕೊನೆಯ ಬೆಂಚಿನ ಲೆಕ್ಕ ನೀವೇ ಹಾಕಿಕೊಳ್ಳಬಹುದು. ಆಗ ಮೇಷ್ಟ್ರು ಗಂಟಲೆತ್ತುತ್ತಾರೆ. ಮೇಷ್ಟ್ರ ದನಿ ಏರಿದರೆ ಮಕ್ಕಳ ದನಿಯೂ ಏರುತ್ತದೆ. ಗದ್ದಲದಲ್ಲಿ ಮನುಷ್ಯ ತಾನಾಗಿ ದನಿಯೇರಿಸುವ ಈ ಸ್ವಭಾವವನ್ನು ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲೇ ವಿವರಿಸಿದ್ದಾರೆ. ಉಪಾಧ್ಯಾಯರಾಗಿದ್ದ ನಮ್ಮಂಥವರ ಚೀಲದಲ್ಲಿ ಸೀಮೆಸುಣ್ಣದ ಜೊತೆಗೆ ಜೇಷ್ಠಮಧುವಿನ ಚೂರೂ ಇರುತ್ತಿದ್ದುದು ಸುಮ್ಮನೆ ಅಲ್ಲ.

ನಲಿ-ಕಲಿ ಕೊಠಡಿಯ ಪಾಠ

ಸದ್ದೆಲ್ಲ ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಹಳೆಯ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ನಲಿ-ಕಲಿ ಪದ್ಧತಿಯನ್ನು ನಮ್ಮ ಪೋಷಕರು ಬಲ್ಲರು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗವನ್ನು ನಮ್ಮ ಶಿಕ್ಷಕರು ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ರೂಪಿಸಿಕೊಂಡದ್ದು ಅದು. ಒಂದೇ ಕೊಠಡಿಯಲ್ಲಿ ಬೇರೆ ಬೇರೆ ತರಗತಿಯ ಚಿಕ್ಕ ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರು ಪೂರ್ತಿ ಸಹಾಯ ಮಾಡುತ್ತಾರೆ, ಇನ್ನೊಂದು ಗುಂಪಿನಲ್ಲಿ ಗೆಳೆಯರೇ ಒಬ್ಬರಿಗೊಬ್ಬರು ಕಲಿಸುತ್ತಾರೆ, ಮತ್ತೊಂದು ಗುಂಪು ತಾನೇ ಕಲಿಯುತ್ತದೆ. ಹಾಡು, ಆಟ, ಮಾತು ಎಲ್ಲವೂ ಉಂಟು. ಹೆದರಿಕೆಯಿಲ್ಲದ ಆ ಸದ್ದು ಕಲಿಕೆಯ ಸದ್ದು.

ಆದರೆ ಪದ್ಧತಿ ಬದಲಾದಷ್ಟು ಬೇಗ ಕೊಠಡಿ ಬದಲಾಗಲಿಲ್ಲ. ಒಬ್ಬ ಮೇಷ್ಟ್ರು ಮಾತಾಡಿ ಉಳಿದವರು ಕೇಳುವ ಕಾಲಕ್ಕೆ ಕಟ್ಟಿದ ಗಟ್ಟಿ ಗೋಡೆಯ ಕೊಠಡಿಯಲ್ಲೇ ನಾಲ್ಕೈದು ಗುಂಪು ಒಟ್ಟಿಗೆ ಮಾತಾಡಬೇಕಾಯಿತು. ತಾನೇ ಓದುವ ಗುಂಪಿಗೆ ಹಾಡುವ ಗುಂಪು ಅಡ್ಡಿ. ಮಕ್ತಬಿನಲ್ಲಿ ಬೆಳಗಿನ ಹೊತ್ತು ಇಪ್ಪತ್ತು ಮಕ್ಕಳು ಇಪ್ಪತ್ತು ಸಬಕ್ ಒಟ್ಟಿಗೆ ಓದುವಾಗಲೂ ಹೀಗೇ. ಕಂಠಪಾಠ ಮಾಡುವ ಮಗು ಒಂದು ಕಿವಿಗೆ ಕೈ ಅಡ್ಡ ಹಿಡಿಯುವುದನ್ನು ನೀವು ನೋಡಿದ್ದೀರಿ. ತನ್ನ ದನಿಯನ್ನೇ ಕೇಳಿಸಿಕೊಳ್ಳಲು ಆ ಮಗು ಮಾಡಿಕೊಂಡ ಗೋಡೆ ಅದು. ಇತಿಕಾಫ್ ಸಮಯದಲ್ಲಿ ಪ್ರವಾದಿಯವರು (ಸ.ಅ.) ಪರದೆ ಸರಿಸಿ, ಓದುವವರು ಒಬ್ಬರ ಮೇಲೊಬ್ಬರು ದನಿಯೇರಿಸಿ ತೊಂದರೆ ಕೊಡಬಾರದೆಂದು ತಿಳಿಹೇಳಿದ ಪ್ರಸಂಗ ಅಬೂ ದಾವೂದ್ ಹದೀಸ್ ಸಂಗ್ರಹದಲ್ಲಿದೆ. ಪುಣ್ಯದ ಓದಿಗೇ ಈ ಮರ್ಯಾದೆ ಇರುವಾಗ ಉಳಿದ ಓದಿಗೂ ಇರಬೇಕಲ್ಲವೇ?

ಬ್ರಿಟನ್, ಅಮೆರಿಕಗಳಲ್ಲಿ 1960 ಮತ್ತು 70ರ ದಶಕಗಳಲ್ಲಿ ಗೋಡೆಗಳೇ ಇಲ್ಲದ ದೊಡ್ಡ ಹಾಲಿನ ಶಾಲೆಗಳನ್ನು ಉತ್ಸಾಹದಿಂದ ಕಟ್ಟಿದರು. ಆಲೋಚನೆ ಒಳ್ಳೆಯದಿತ್ತು, ಗದ್ದಲ ತಡೆಯಲಾಗಲಿಲ್ಲ. ಅನೇಕ ಕಡೆ ಮತ್ತೆ ಗೋಡೆ ಎಬ್ಬಿಸಿದರು. ನಮ್ಮ ಕೆಲವು ದಾನಿಗಳು ‘ಒಂದೇ ದೊಡ್ಡ ಹಾಲ್ ಕಟ್ಟಿಸೋಣ, ಎಲ್ಲಕ್ಕೂ ಆಗುತ್ತದೆ’ ಎಂದು ಸೂಚಿಸಿದ್ದಾರೆ. ಆ ಸೂಚನೆಗೆ ನಮ್ಮ ಉತ್ತರ ಈ ಅನುಭವದಲ್ಲಿದೆ. ಮದುವೆಗೂ ಸಭೆಗೂ ಹಾಲ್ ಸರಿ. ಓದಿಗೆ ಚಿಕ್ಕ ಚಿಕ್ಕ ಕೊಠಡಿ ಲೇಸು.

ಗೋಡೆಗಿಂತ ಸಂದಿ ದೊಡ್ಡದು

ಗಾರೆ ಬಳಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ 40 ಡೆಸಿಬೆಲ್ ಸುತ್ತಮುತ್ತ ಸದ್ದು ತಡೆಯುತ್ತದೆ. ಆದರೆ ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೆ, ಉಳಿದ ತೊಂಬತ್ತೊಂಬತ್ತು ಪಾಲು ಕೋಟೆಗೋಡೆಯಾದರೂ ಅದು 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು. ತಳದಲ್ಲಿ ತೂತಿರುವ ನೀರಿನ ತೊಟ್ಟಿಯಂತೆ. ಹಳೆಯ ಹೆಂಚಿನ ಶಾಲೆಗಳಲ್ಲಿ ಕೊಠಡಿಗಳ ನಡುವಿನ ಗೋಡೆ ಛಾವಣಿಯವರೆಗೆ ಹೋಗದೆ ಅರ್ಧಕ್ಕೆ ನಿಂತಿರುತ್ತದೆ. ನಾಲ್ಕನೇ ತರಗತಿಯ ಪದ್ಯ ಐದನೇ ತರಗತಿಯ ಗಣಿತದೊಳಗೆ ಇಳಿಯುತ್ತದೆ. ಆ ಸಂದಿಯನ್ನು ಇಟ್ಟಿಗೆಯಿಂದ ಮುಚ್ಚುವುದು ಹೊಸ ಕೊಠಡಿ ಕಟ್ಟುವುದಕ್ಕಿಂತ ಎಷ್ಟೋ ಅಗ್ಗ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಯುವುದು ಇನ್ನೂ ಅಗ್ಗ.

ಇಲ್ಲೇ ಒಂದು ಮಾತು ನೆನಪಿಡಬೇಕು: ನೋಟಕ್ಕೆ ಮರೆ ಮಾಡುವುದೆಲ್ಲ ಸದ್ದಿಗೆ ಮರೆಯಲ್ಲ. ಪರದೆ ಎಳೆದರೆ ಕಾಣುವುದಿಲ್ಲ, ಆದರೆ ಮಾತು ಹಾಗೇ ದಾಟುತ್ತದೆ. ಗಾಜಿನ ಕಿಟಕಿ ಮುಚ್ಚಿದರೆ ಸದ್ದು ಕಡಿಮೆಯಾಗುತ್ತದೆ, ಆದರೆ ಎಲ್ಲವೂ ಕಾಣುತ್ತದೆ. ನಾಲ್ಕಡಿ ಎತ್ತರದ ಪ್ಲೈವುಡ್ ತಡಿಕೆ ಕುಳಿತ ಮಕ್ಕಳ ಕಣ್ಣಿಗೆ ಮರೆಯಾಗುತ್ತದೆ, ಸದ್ದು ಅದರ ತಲೆಯ ಮೇಲಿಂದ ಬರುತ್ತದೆ. ಕಾಂಪೌಂಡ್ ಗೋಡೆ ಕೂಡ ರಸ್ತೆಯ ವಾಹನವನ್ನು ಕಣ್ಣಿಗೆ ಪೂರ್ತಿ ಮರೆಮಾಡುವಷ್ಟು ಎತ್ತರವಿದ್ದರೆ ಮಾತ್ರ ಸದ್ದಿಗೆ ಪ್ರಯೋಜನ. ಒಂದು ಸಾಲು ಹೊಂಗೆ, ಬೇವು ನೆಟ್ಟರೆ ನೆರಳು ಬರುತ್ತದೆ, ದೂಳು ತಗ್ಗುತ್ತದೆ, ರಸ್ತೆ ಕಣ್ಣಿಗೆ ಬೀಳುವುದಿಲ್ಲ; ಸದ್ದು ಮಾತ್ರ ಹೆಚ್ಚೇನೂ ತಗ್ಗುವುದಿಲ್ಲ. ಯಾವುದರಿಂದ ಏನಾಗುತ್ತದೆ ಎಂದು ತಿಳಿದು ಖರ್ಚು ಮಾಡಬೇಕು.

ನೋಟದ ಮರೆ: ಗಮನಕ್ಕೂ ಮಾನಕ್ಕೂ

ನೋಟದ ವಿಷಯದಲ್ಲಿ ಎರಡು ಮಾತಿವೆ. ಮೊದಲನೆಯದು ಗಮನ. ತೆರೆದ ಬಾಗಿಲಿಗೆ ನೇರವಾಗಿ ಕುಳಿತ ಮಗು ಪಡಸಾಲೆಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ನೋಡುತ್ತದೆ. ಅದು ಮಗುವಿನ ತಪ್ಪಲ್ಲ. ಚಲಿಸುವುದರ ಕಡೆ ಕಣ್ಣು ಹೊರಳುವುದು ಸಹಜ. ಕರಿಹಲಗೆಯನ್ನು ಬಾಗಿಲಿನ ಪಕ್ಕದ ಗೋಡೆಯಿಂದ ಬೇರೆ ಗೋಡೆಗೆ ಬದಲಾಯಿಸಿ, ಮಕ್ಕಳ ಬೆನ್ನು ಅಥವಾ ಪಕ್ಕ ಬಾಗಿಲಿಗೆ ಬರುವಂತೆ ಕೂರಿಸಿದರೆ ಖರ್ಚಿಲ್ಲದೆ ಅರ್ಧ ತೊಂದರೆ ತಪ್ಪುತ್ತದೆ. ರಸ್ತೆ ಬದಿಯ ಕಿಟಕಿಯ ಕೆಳಭಾಗಕ್ಕೆ, ಕುಳಿತ ಮಗುವಿನ ಕಣ್ಣಿನ ಮಟ್ಟದವರೆಗೆ ಮಸಕು ಗಾಜು ಅಥವಾ ಜಾಲಿ ಹಾಕಿದರೆ ಬೆಳಕೂ ಗಾಳಿಯೂ ಬರುತ್ತವೆ, ಬೀದಿ ಕಾಣುವುದಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳಿಂದ ಹಿಡಿದು ನಮ್ಮ ದರ್ಗಾಗಳ ಜಾಲಿಯವರೆಗೆ, ಗಾಳಿಗೆ ದಾರಿ ಬಿಟ್ಟು ನೋಟಕ್ಕೆ ಅಡ್ಡ ನಿಲ್ಲುವ ಉಪಾಯ ಈ ನಾಡಿಗೆ ಹೊಸದಲ್ಲ.

ಎರಡನೆಯದು ಮಾನ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ಆಟದ ಮೈದಾನಕ್ಕೋ ರಸ್ತೆಗೋ ಎದುರಾಗಿದ್ದರೆ, ಹೋಗಿ ಬರುವುದು ಎಲ್ಲರಿಗೂ ಕಂಡರೆ, ಹುಡುಗಿಯರು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುತ್ತಾರೆ. ಮುಟ್ಟಿನ ದಿನಗಳಲ್ಲಿ ಶಾಲೆಗೇ ಬರುವುದಿಲ್ಲ. ಎಂಟನೇ ತರಗತಿಯ ನಂತರ ‘ಇನ್ನು ಸಾಕು’ ಎಂದು ಮನೆಯವರು ಬಿಡಿಸುವುದಕ್ಕೆ ಇದೂ ಒಂದು ಕಾರಣವಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಪ್ರತಿ ಶಿಕ್ಷಕರಿಗೆ ಒಂದಾದರೂ ಕೊಠಡಿ, ಕಾಂಪೌಂಡ್ ಅಥವಾ ಬೇಲಿ ಇರಬೇಕೆಂದಿದೆ. ಪ್ರತ್ಯೇಕ ಎಂದರೆ ಬೇರೆ ಬೋರ್ಡು ಬರೆಯುವುದಷ್ಟೇ ಅಲ್ಲ. ಬಾಗಿಲ ಮುಂದೆ ಆಳೆತ್ತರದ ಮರೆಗೋಡೆ, ಒಳಗಿನಿಂದ ಬೀಳುವ ಗಟ್ಟಿ ಚಿಲಕ, ತಲೆಗಿಂತ ಮೇಲೆ ಜಾಲಿಯ ಗವಾಕ್ಷ, ಒಳಗೆ ನೀರು, ಮುಚ್ಚಳದ ಕಸದ ಡಬ್ಬಿ. ಇಷ್ಟಿದ್ದರೆ ಅದು ಪ್ರತ್ಯೇಕ. ಇನ್ನೊಬ್ಬರ ಮನೆಗೆ ಅನುಮತಿ ಕೇಳದೆ ಹೋಗಬಾರದೆಂದು ಸೂರಃ ಅನ್ನೂರ್ ಕಲಿಸಿದ ಮರ್ಯಾದೆ ನಮ್ಮ ಹೆಣ್ಣುಮಕ್ಕಳಿಗೆ ಶಾಲೆಯಲ್ಲೂ ಸಿಗಬೇಕು.

ಆದರೆ ಮರೆ ಎಂದರೆ ಕತ್ತಲೆ ಮೂಲೆಯಲ್ಲ. ಮಕ್ಕಳ ಸುರಕ್ಷತೆಗಾಗಿ, ಯಾರಿಗೂ ಕಾಣದ ಜಾಗ ಶಾಲೆಯಲ್ಲಿ ಇರಬಾರದು. ಕುಳಿತ ಮಗುವಿಗೆ ಪಕ್ಕದ ಗುಂಪು ಕಾಣಬಾರದು, ನಿಂತ ಶಿಕ್ಷಕರಿಗೆ ಎಲ್ಲರೂ ಕಾಣಬೇಕು. ಬೆಂಚಿನ ಮೇಲೆ ಕುಳಿತವರಿಗೆ ನಾಲ್ಕಡಿ, ಜಮಖಾನದ ಮೇಲೆ ಕುಳಿತವರಿಗೆ ಮೂರಡಿ ಎತ್ತರದ ತಡಿಕೆ ಸಾಕು. ಒಬ್ಬ ಮಗುವಿನ ಜೊತೆ ಪ್ರತ್ಯೇಕವಾಗಿ ಮಾತಾಡುವ ಕೋಣೆಯ ಬಾಗಿಲಿನಲ್ಲಿ ಸಣ್ಣ ಗಾಜು ಇರಲಿ. ಮಾತು ಹೊರಗೆ ಕೇಳಬಾರದು, ಕೋಣೆಯೊಳಗೆ ಯಾರಿದ್ದಾರೆಂದು ಕಾಣಬೇಕು.

ಏನು ಮಾಡಬಹುದು, ಯಾವ ಕ್ರಮದಲ್ಲಿ?

ಖರ್ಚಿಲ್ಲದ ಕೆಲಸಗಳು ಮೊದಲು. ಮಕ್ಕಳನ್ನು ಉದ್ದ ಸಾಲಿನ ಬದಲು ಅರ್ಧವೃತ್ತದಲ್ಲಿ ಕೂರಿಸಿದರೆ ಕೊನೆಯ ಮಗುವೂ ಹತ್ತಿರವಾಗುತ್ತದೆ. ಕೇಳಿಸುವುದು ಕಡಿಮೆಯಿರುವ ಮಗು ಮುಂದೆ ಕೂರಲಿ, ಮೇಷ್ಟ್ರ ಮುಖ ಕಾಣಲಿ. ತುಟಿ ನೋಡಿದರೂ ಅರ್ಧ ಮಾತು ತಿಳಿಯುತ್ತದೆ. ಒಂದು ತರಗತಿಯ ಹಾಡಿನ ವೇಳೆ, ಪಕ್ಕದ ತರಗತಿಯ ಆಟದ ವೇಳೆಯಾಗುವಂತೆ ವೇಳಾಪಟ್ಟಿ ಹೊಂದಿಸಬಹುದು.

ನಂತರ ಸಣ್ಣ ಖರ್ಚಿನವು. ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಕಬ್ಬಿಣದ ಡೆಸ್ಕಿನ ಕಾಲಿಗೆ ತೊಡಿಸಿದರೆ ಕಲ್ಲಿನ ನೆಲದ ಮೇಲೆ ಕೀರಲು ಸದ್ದು ನಿಲ್ಲುತ್ತದೆ. ನೆಲಕ್ಕೆ ದಪ್ಪ ಜಮಖಾನ, ಹಿಂದಿನ ಗೋಡೆಗೆ ಮೆತ್ತನೆಯ ಪ್ರದರ್ಶನ ಹಲಗೆ, ಮಡಿಕೆ ಬಿಟ್ಟು ತೂಗುಹಾಕಿದ ದಪ್ಪ ಬಟ್ಟೆ, ಇವೆಲ್ಲ ಸದ್ದು ಹೀರುತ್ತವೆ. ಕಿರುಗುಟ್ಟುವ ಫ್ಯಾನಿಗೆ ಬೇರಿಂಗ್ ಬದಲಾಯಿಸುವುದೂ ಶಿಕ್ಷಣಕ್ಕೆ ಕೊಟ್ಟ ದಾನವೇ.

ದೊಡ್ಡ ಖರ್ಚಿನವು ಕೊನೆಗೆ: ಛಾವಣಿಗೆ ಮರದ ಎಳೆ ಮತ್ತು ಸಿಮೆಂಟಿನ ಹಲಗೆ, ಗಟ್ಟಿ ಮರದ ಬಾಗಿಲು, ಶೀಟಿನ ಛಾವಣಿ ಇರುವಲ್ಲಿ ಅದರ ಕೆಳಗೊಂದು ಒಳಛಾವಣಿ. ಹೊಸದಾಗಿ ಕಟ್ಟುವುದಾದರೆ ಮೆಟ್ಟಿಲು, ಉಗ್ರಾಣ, ಕಚೇರಿ ರಸ್ತೆಯ ಬದಿಗೆ, ತರಗತಿಗಳು ಹಿಂಬದಿಗೆ. ಕಾಗದದ ಮೇಲೆ ಗೆರೆ ಎಳೆಯುವಾಗ ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಬೇಡ, ಕಟ್ಟಿದ ಮೇಲೆ ಎಷ್ಟು ಕೊಟ್ಟರೂ ಆಗದು.

ಮಾಡಬಾರದ್ದೂ ಇದೆ. ಮೊಟ್ಟೆಯ ಟ್ರೇ ಅಂಟಿಸಿದರೆ ಸದ್ದು ನಿಲ್ಲುತ್ತದೆ ಎಂಬುದು ಬರೀ ನಂಬಿಕೆ. ಮೊಟ್ಟೆ ಟ್ರೇ, ಥರ್ಮೋಕೋಲ್, ಅಗ್ಗದ ಸ್ಪಂಜು, ಗರಿಯ ಚಪ್ಪರ ಇವೆಲ್ಲ ಬೆಂಕಿಗೆ ಆಹಾರ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಗರಿಯ ಛಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ತೀರಿಕೊಂಡರು. ಸದ್ದು ಕಡಿಮೆ ಮಾಡಲು ಹೋಗಿ ಕಿಟಕಿಗಳನ್ನು ಪೂರ್ತಿ ಮುಚ್ಚಿ ಗಾಳಿ ನಿಲ್ಲಿಸುವುದೂ ತಪ್ಪು. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ಉಸಿರುಕಟ್ಟುವ ಕೊಠಡಿಯಲ್ಲಿ ಮಾತು ಕೇಳಿಸಿದರೂ ತಲೆಗೆ ಹೋಗುವುದಿಲ್ಲ. ರಸ್ತೆಯ ಕಡೆ ಮುಚ್ಚಿ ಹಿಂದಿನ ಕಡೆ ತೆರೆಯಬೇಕು.

ಪೋಷಕರಿಗೆ ಎರಡು ಮಾತು

ಬೀಡಿ ಸುತ್ತುವ, ಹೊಲಿಗೆ ಯಂತ್ರ ಓಡುವ, ಟಿವಿ ಹಚ್ಚಿರುವ ಒಂದೇ ಕೋಣೆಯ ಮನೆಯಲ್ಲಿ ಮಗು ಓದಬೇಕಾಗಿದೆ ಎಂಬುದು ನಮಗೆ ಗೊತ್ತಿದೆ. ಕೋಣೆ ಕಟ್ಟಿಸಿ ಎಂದು ನಾವು ಹೇಳುವುದಿಲ್ಲ. ಮಗ್ರಿಬ್‌ನಿಂದ ಇಶಾವರೆಗಿನ ಹೊತ್ತನ್ನು ಓದಿಗೆಂದು ಮೀಸಲಿಡಿ. ಆ ಹೊತ್ತು ಟಿವಿ, ಮೊಬೈಲ್ ಸದ್ದು ಬೇಡ. ಮಗು ಗೋಡೆಯ ಕಡೆ ಮುಖ ಮಾಡಿ ಕೂರಲಿ, ಬೆನ್ನ ಹಿಂದೆ ಒಂದು ಹಗ್ಗ ಕಟ್ಟಿ ಹಳೆಯ ದುಪ್ಪಟ್ಟಾ ಇಳಿಬಿಡಿ. ಸದ್ದು ನಿಲ್ಲದಿದ್ದರೂ ಕಣ್ಣು ನಿಲ್ಲುತ್ತದೆ. ಇದು ಮಗನಿಗೆ ಮಾತ್ರವಲ್ಲ, ಮಗಳಿಗೂ.

ಎರಡನೆಯ ಮಾತು ಕಿವಿಯದ್ದು. ಮಗು ಪದೇ ಪದೇ ‘ಆಂ?’ ಎನ್ನುತ್ತಿದ್ದರೆ, ಟಿವಿ ಜೋರು ಮಾಡುತ್ತಿದ್ದರೆ, ಕಿವಿ ಸೋರುತ್ತಿದ್ದರೆ ‘ಬೆಳೆದಂತೆ ಸರಿಹೋಗುತ್ತದೆ’ ಎಂದು ಬಿಡಬೇಡಿ. ಬಿಸಿ ಎಣ್ಣೆ ಹಾಕಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ. ನಮಗೆ ಅದು ಒಂದು ಬಸ್ಸಿನ ದೂರ. ಹೋಗಿಬರುವ ಖರ್ಚು ತೊಂದರೆಯಾದರೆ ಟ್ರಸ್ಟಿನ ಕಚೇರಿಗೆ ಬಂದು ಹೇಳಿ.

ಊರಿನವರಿಗೂ ಒಂದು ವಿನಂತಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ನಮ್ಮ ಜಲ್ಸಾ, ಮದುವೆ, ಮೆರವಣಿಗೆಗಳ ಧ್ವನಿವರ್ಧಕ ಸಂಜೆಯಿಂದಲೇ ತಗ್ಗಲಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ನಿರ್ಬಂಧ ಹೇಗೂ ಇದೆ. ದನಿ ತಗ್ಗಿಸೆಂದು ಲುಕ್ಮಾನರು ಮಗನಿಗೆ ಹೇಳಿದ ಬುದ್ಧಿಮಾತು ಕುರ್‌ಆನಿನಲ್ಲೇ ಇದೆ. ಪರರಿಗೆ ಹೇಳುವ ಮೊದಲು ನಮ್ಮ ಮನೆಯಿಂದ ಶುರುವಾಗಲಿ.

ದಾನಿಗಳಿಗೆ

ಝಕಾತ್ ಹಣ ಅರ್ಹ ಬಡವರ ಕೈಗೆ ಸೇರಬೇಕು, ಕಟ್ಟಡಕ್ಕೆ ಬಳಸಬಾರದು ಎಂಬುದು ನಮ್ಮ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಮಸ್ಲಕಿನ ತೀರ್ಮಾನ. ಆದ್ದರಿಂದ ನಿಮ್ಮ ಝಕಾತ್ ಎಂದಿನಂತೆ ವಿದ್ಯಾರ್ಥಿವೇತನಕ್ಕೆ ಮಾತ್ರ ಹೋಗುತ್ತದೆ. ಓದುವ ಕೊಠಡಿಯ ಬಾಗಿಲು, ಛಾವಣಿ, ಮರೆಗೋಡೆ, ಜಮಖಾನಗಳಿಗೆ ಲಿಲ್ಲಾಹ್ ಮತ್ತು ಸದಖಾ ಹಣವನ್ನು ಬೇರೆ ರಶೀದಿಯಲ್ಲಿ ಪಡೆಯುತ್ತೇವೆ. ದಾನಿಗಳ ಹೆಸರು ಕೆತ್ತಿದ ಕಮಾನಾಗಲಿ ಹೊಳಪಿನ ಕಲ್ಲಾಗಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಛಾವಣಿಯ ಹಲಗೆಯನ್ನು, ಶೌಚಾಲಯದ ಚಿಲಕವನ್ನು ಯಾರೂ ನೋಡಿ ಹೊಗಳುವುದಿಲ್ಲ. ಆದರೆ ಕೊನೆಯ ಬೆಂಚಿನ ಮಗುವಿಗೆ ಪ್ರಶ್ನೆ ಕೇಳಿಸುವುದು, ಎಂಟನೇ ತರಗತಿಯ ಹುಡುಗಿ ಒಂಬತ್ತಕ್ಕೆ ಬರುವುದು ಅವುಗಳಿಂದ. ಸದಖಾ ಜಾರಿಯಾ ಎಂದರೆ ಇದೇ ಅಲ್ಲವೇ?

ಈ ವರ್ಷದ ವಿದ್ಯಾರ್ಥಿವೇತನ ಅರ್ಜಿಯಲ್ಲಿ ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ಜೊತೆಗೆ ಎರಡು ಹೊಸ ಪ್ರಶ್ನೆಗಳನ್ನು ಸೇರಿಸಿದ್ದೇವೆ: ‘ಮನೆಯಲ್ಲಿ ಮಗು ಎಲ್ಲಿ ಕುಳಿತು ಓದುತ್ತದೆ?’ ಮತ್ತು ‘ಮಗುವಿಗೆ ತರಗತಿಯಲ್ಲಿ ಪಾಠ ಸರಿಯಾಗಿ ಕೇಳಿಸುತ್ತದೆಯೇ?’ ಉತ್ತರ ಏನೇ ಇದ್ದರೂ ವಿದ್ಯಾರ್ಥಿವೇತನಕ್ಕೆ ಅಡ್ಡಿಯಿಲ್ಲ. ಪೋಷಕರು ಮಗುವನ್ನೇ ಕೇಳಿ, ಮಗು ಹೇಳಿದಂತೆ ಬರೆಯಬೇಕಾಗಿ ವಿನಂತಿ. ಯಾವ ಕೆಲಸ ಮೊದಲು ಎಂಬುದನ್ನು ಆ ಉತ್ತರಗಳನ್ನು ಓದಿಯೇ ತೀರ್ಮಾನಿಸುತ್ತೇವೆ. ಅರ್ಜಿ ನಮೂನೆ ಮುಂದಿನ ಪುಟದಲ್ಲಿದೆ.